ದತ್ತಾಂಶಕ್ಕೆ ಒಡೆಯನಿಲ್ಲ, ಬೀಗವಿದೆ

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ರೂರಲ್ ಟೆಲಿಫೋನ್ ಎಂಬ ಕಂಪನಿ ತನ್ನ ಗ್ರಾಹಕರ ಹೆಸರು, ಊರು, ಫೋನ್ ನಂಬರುಗಳ ಡೈರೆಕ್ಟರಿಯೊಂದನ್ನು ಹೊರತರುತ್ತಿತ್ತು. ಫೈಸ್ಟ್ ಎಂಬ ಪ್ರಕಾಶನ ಸಂಸ್ಥೆಗೆ ಹನ್ನೊಂದು ಟೆಲಿಫೋನ್ ವಲಯಗಳನ್ನು ಒಟ್ಟು ಸೇರಿಸಿ ದೊಡ್ಡದೊಂದು ಡೈರೆಕ್ಟರಿ ಮಾಡುವ ಆಸೆ. ಹಣ ಕೊಡುತ್ತೇವೆ, ಪಟ್ಟಿ ಕೊಡಿ ಎಂದು ಹನ್ನೊಂದೂ ಕಂಪನಿಗಳನ್ನು ಕೇಳಿತು. ಆಗುವುದಿಲ್ಲ ಎಂದದ್ದು ರೂರಲ್ ಒಂದೇ. ಫೈಸ್ಟ್ ಸುಮ್ಮನಿರಲಿಲ್ಲ, ನಕಲು ಮಾಡಿಕೊಂಡಿತು. ಇಂಥವರನ್ನು ಹಿಡಿಯಲೆಂದೇ ರೂರಲ್ ತನ್ನ ಪಟ್ಟಿಯೊಳಗೆ ಕೆಲವು ಸುಳ್ಳು ಹೆಸರುಗಳನ್ನು ಬೆರೆಸಿಟ್ಟಿತ್ತು. ಅವುಗಳಲ್ಲಿ ನಾಲ್ಕು ಫೈಸ್ಟ್‌ನ ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆಯೇ ಅಚ್ಚಾಗಿದ್ದವು.

ಇಷ್ಟು ಗಟ್ಟಿ ಸಾಕ್ಷ್ಯ ಕೈಯಲ್ಲಿದ್ದೂ ರೂರಲ್ ಸೋತಿತು. ಸಂಗತಿಗಳು ಯಾರ ಸೃಷ್ಟಿಯೂ ಅಲ್ಲ, ಹೆಸರುಗಳನ್ನು ಅಕ್ಷರಗಳ ಕ್ರಮದಲ್ಲಿ ಜೋಡಿಸುವುದರಲ್ಲಿ ಸ್ವಂತಿಕೆಯೇನೂ ಇಲ್ಲ, ಬರೀ ಬೆವರು ಸುರಿಸಿದ್ದಕ್ಕೆ ಕೃತಿಸ್ವಾಮ್ಯ ದೊರೆಯುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪಿತ್ತಿತು. ಈ ವ್ಯಾಜ್ಯಕ್ಕೆ ಇನ್ನೊಂದು ಮುಖವೂ ಇತ್ತು. ಪಟ್ಟಿ ಕೊಡದೆ ರೂರಲ್ ತನ್ನ ಏಕಸ್ವಾಮ್ಯವನ್ನು ದುರುಪಯೋಗ ಮಾಡಿಕೊಂಡಿದೆ ಎಂದು ಫೈಸ್ಟ್ ಸ್ಪರ್ಧಾ ಕಾನೂನಿನಡಿ ಎದುರುದಾವೆ ಹೂಡಿತ್ತು. ಕೆಳ ನ್ಯಾಯಾಲಯ ಅದನ್ನು ಒಪ್ಪಿತು, 1992ರಲ್ಲಿ ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿತು. ಪಟ್ಟಿ ನಿನ್ನ ಆಸ್ತಿಯಲ್ಲ ಎಂದು ಒಬ್ಬನಿಗೆ, ಕೇಳಿ ಪಡೆಯುವ ಹಕ್ಕು ನಿನಗಿಲ್ಲ ಎಂದು ಇನ್ನೊಬ್ಬನಿಗೆ ಹೇಳಿದಂತಾಯಿತು. ಬಿಗ್ ಡೇಟಾದ, ಅಂದರೆ ಕಂಪನಿಗಳು ರಾಶಿ ರಾಶಿಯಾಗಿ ಕೂಡಿಹಾಕುವ ದತ್ತಾಂಶದ ಬಗ್ಗೆ ಇವತ್ತು ಜಗತ್ತಿನಾದ್ಯಂತ ನಡೆಯುತ್ತಿರುವ ವಾದವೆಲ್ಲ ಈ ಎರಡು ಉತ್ತರಗಳ ನಡುವಿನ ಜಾಗದಲ್ಲೇ ನಡೆಯುತ್ತಿದೆ.

ಫೋನ್ ಡೈರೆಕ್ಟರಿಯನ್ನು ನಕಲು ಮಾಡಬಹುದಿತ್ತು, ಏಕೆಂದರೆ ಅದು ಅಚ್ಚಾಗಿ ಮನೆಮನೆಗೆ ಬರುತ್ತಿತ್ತು. ಇಂದಿನ ದತ್ತಾಂಶ ಹಾಗೆ ಹೊರಗೆ ಬರುವುದಿಲ್ಲ. ನೀವು ಏನು ಹುಡುಕಿದಿರಿ, ಯಾವ ಕೊಂಡಿಯನ್ನು ಒತ್ತಿದಿರಿ, ಎಷ್ಟು ಹೊತ್ತು ನೋಡಿ ಹಿಂದೆ ಬಂದಿರಿ ಎಂಬುದು ಕಂಪನಿಯ ಸರ್ವರ್‌ನೊಳಗೆ ಉಳಿಯುತ್ತದೆ. ಒಂದೊಂದೂ ಬಿಡಿಯಾಗಿ ಕಾಸಿಗೆ ಬಾರದ ವಿವರ. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರಲ್ಲ, ಬಿಗ್ ಡೇಟಾದ ಬೆಲೆಯೆಲ್ಲ ಆ ಕೂಡುವಿಕೆಯಲ್ಲಿದೆ. ಹನಿಗೆ ಒಡೆಯರಿಲ್ಲ. ಹಳ್ಳಕ್ಕೆ ಇದ್ದಾರೆಯೇ?

ಬೌದ್ಧಿಕ ಆಸ್ತಿ ಕಾನೂನು ಏನನ್ನು ಕಾಯುತ್ತದೆ

ಬೌದ್ಧಿಕ ಆಸ್ತಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಟ್ರಿಪ್ಸ್ ಒಪ್ಪಂದದ 10ನೇ ವಿಧಿ ಈ ಪ್ರಶ್ನೆಗೆ ನೇರವಾಗಿಯೇ ಉತ್ತರ ಹೇಳುತ್ತದೆ. ದತ್ತಾಂಶದ ಸಂಕಲನದಲ್ಲಿ ಆಯ್ಕೆ ಅಥವಾ ಜೋಡಣೆ ಬುದ್ಧಿಯ ಸೃಷ್ಟಿಯಾಗಿದ್ದರೆ ಆ ಸಂಕಲನಕ್ಕೆ ರಕ್ಷಣೆ ಉಂಟು, ಒಳಗಿರುವ ದತ್ತಾಂಶಕ್ಕೆ ಇಲ್ಲ. ಭಾರತದ ಸುಪ್ರೀಂ ಕೋರ್ಟ್ ಕೂಡ 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಇದೇ ದಾರಿಯಲ್ಲಿ ನಡೆಯಿತು. ನ್ಯಾಯಾಲಯದ ತೀರ್ಪುಗಳನ್ನು ತಿದ್ದಿ ಪ್ರಕಟಿಸಿದ ಬರೀ ಶ್ರಮಕ್ಕೆ ಕೃತಿಸ್ವಾಮ್ಯ ಬರುವುದಿಲ್ಲ ಎಂದಿತು. ತೀರ್ಪನ್ನು ಅರ್ಥ ಮಾಡಿಕೊಂಡು ಪ್ಯಾರಾಗಳಾಗಿ ವಿಂಗಡಿಸುವ ಕೆಲಸದಲ್ಲಿ ಕನಿಷ್ಠ ಸೃಜನಶೀಲತೆಯಿದೆ ಎಂದು ಅಷ್ಟನ್ನು ಕಾಯಿತು.

ಈಗ ಇದನ್ನು ಬಿಗ್ ಡೇಟಾಗೆ ಹಚ್ಚಿ ನೋಡಿ. ಯಂತ್ರವೊಂದು ತನ್ನಷ್ಟಕ್ಕೆ ಸಂಗ್ರಹಿಸಿದ ಕೋಟಿಗಟ್ಟಲೆ ಕ್ಲಿಕ್ಕುಗಳಲ್ಲಿ ಆಯ್ಕೆ ಎಲ್ಲಿದೆ? ಸಿಕ್ಕಿದ್ದೆಲ್ಲ ಬೇಕು ಎನ್ನುವುದೇ ಬಿಗ್ ಡೇಟಾದ ಸ್ವಭಾವ. ಎಲ್ಲವನ್ನೂ ಬಾಚಿಕೊಂಡಷ್ಟೂ ಕೃತಿಸ್ವಾಮ್ಯ ದೂರ ಸರಿಯುತ್ತದೆ. ಪೇಟೆಂಟ್ ಕೂಡ ಇಲ್ಲಿ ಹೆಚ್ಚಿಗೆ ಉಪಯೋಗಕ್ಕೆ ಬಾರದು. ಅದು ವಿಶ್ಲೇಷಿಸುವ ವಿಧಾನಕ್ಕೆ ಸಿಗಬಹುದೇ ಹೊರತು ವಿಶ್ಲೇಷಣೆಗೆ ಒಳಗಾಗುವ ಅಂಕಿಅಂಶಕ್ಕಲ್ಲ.

ಐರೋಪ್ಯ ಒಕ್ಕೂಟ ಮಾತ್ರ 1996ರಲ್ಲಿ ಬೇರೆ ದಾರಿ ಹಿಡಿದು ಡೇಟಾಬೇಸ್‌ಗೆಂದೇ ಒಂದು ವಿಶೇಷ ಹಕ್ಕನ್ನು ಹುಟ್ಟುಹಾಕಿತು. ಸೃಜನಶೀಲತೆ ಬೇಡ, ದತ್ತಾಂಶವನ್ನು ಪಡೆಯಲು, ಪರಿಶೀಲಿಸಲು ಅಥವಾ ಒಪ್ಪವಾಗಿಡಲು ಗಣನೀಯ ಬಂಡವಾಳ ಹೂಡಿದ್ದರೆ ಸಾಕು, 15 ವರ್ಷದ ರಕ್ಷಣೆ. ಬೆವರಿಗೆ ಬೆಲೆ ಕೊಡುವ ಕಾನೂನು ಎನ್ನಬಹುದು. ಆದರೆ ಬ್ರಿಟನ್ನಿನ ಕುದುರೆ ರೇಸ್ ಮಂಡಳಿ ಈ ಹಕ್ಕನ್ನು ಹಿಡಿದು ವಿಲಿಯಂ ಹಿಲ್ ಎಂಬ ಬೆಟ್ಟಿಂಗ್ ಕಂಪನಿಯ ಮೇಲೆ ಹೋದಾಗ ಐರೋಪ್ಯ ನ್ಯಾಯಾಲಯ 2004ರಲ್ಲಿ ಒಂದು ಸೂಕ್ಷ್ಮ ಗೆರೆ ಎಳೆಯಿತು. ಯಾವ ರೇಸಿನಲ್ಲಿ ಯಾವ ಕುದುರೆ ಓಡುತ್ತದೆ ಎಂಬುದನ್ನು ಗೊತ್ತು ಮಾಡುವುದೇ ಮಂಡಳಿ. ಹಾಗಾಗಿ ಆ ದತ್ತಾಂಶ ಅದರ ಕೆಲಸದಲ್ಲಿ ತಾನಾಗಿ ಹುಟ್ಟಿದ್ದು, ಎಲ್ಲಿಂದಲೋ ಹುಡುಕಿ ತಂದದ್ದಲ್ಲ. ಸೃಷ್ಟಿಸಲು ಮಾಡಿದ ಖರ್ಚು ಲೆಕ್ಕಕ್ಕಿಲ್ಲ, ಇರುವುದನ್ನು ಕಲೆಹಾಕಲು ಮಾಡಿದ ಖರ್ಚಿಗಷ್ಟೇ ಹಕ್ಕು ಎಂದಿತು ನ್ಯಾಯಾಲಯ.

ನನ್ನ ಮಟ್ಟಿಗೆ ಈ ಗೆರೆ ಬಹಳ ಮುಖ್ಯವಾದದ್ದು. ತನ್ನ ವ್ಯವಹಾರದಲ್ಲಿ ತಾನಾಗಿ ಹುಟ್ಟುವ ಮಾಹಿತಿಗೆ ಕಂಪನಿಯೊಂದೇ ಮೂಲ. ಬೇರೆ ಯಾರೂ ಎಷ್ಟೇ ದುಡ್ಡು ಸುರಿದರೂ ಅದನ್ನು ಮತ್ತೆ ಕಟ್ಟಲಾರರು. ಅಂಥದಕ್ಕೆ ಹಕ್ಕು ಕೊಟ್ಟರೆ ಅದು ಶ್ರಮದ ಫಲವಾಗದು, ಶಾಶ್ವತ ಏಕಸ್ವಾಮ್ಯವಾದೀತು. 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿರುವ ಐರೋಪ್ಯ ಡೇಟಾ ಕಾಯ್ದೆ ಈ ಗೆರೆಯನ್ನೇ ಗಟ್ಟಿ ಮಾಡಿದೆ. ಇಂಟರ್‌ನೆಟ್‌ಗೆ ಜೋಡಿಸಿದ ಕಾರು, ಗಡಿಯಾರ, ಯಂತ್ರಗಳಲ್ಲಿ ಹುಟ್ಟುವ ದತ್ತಾಂಶಕ್ಕೆ ಆ ವಿಶೇಷ ಡೇಟಾಬೇಸ್ ಹಕ್ಕು ಅನ್ವಯಿಸುವುದಿಲ್ಲ ಎಂದು ಅದರಲ್ಲಿ ಬರೆದೇ ಇದೆ. ದತ್ತಾಂಶ ಉತ್ಪಾದಕರಿಗೆ ಹೊಸದೊಂದು ಆಸ್ತಿ ಹಕ್ಕು ಕೊಡಬೇಕೇ ಎಂಬ ಪ್ರಸ್ತಾಪ 2017ರಲ್ಲಿ ಅಲ್ಲಿ ಚರ್ಚೆಗೆ ಬಂದಿತ್ತು. ಅದನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಅದರ ಬದಲಿಗೆ ಬಂದದ್ದು ಬಳಸುವವರ ಹಕ್ಕು: ನೀವು ಓಡಿಸಿದ ಯಂತ್ರ ಹುಟ್ಟಿಸಿದ ದತ್ತಾಂಶವನ್ನು ನೀವು ಕೇಳಬಹುದು, ನಿಮಗೆ ಬೇಕಾದ ಮೂರನೆಯವರಿಗೆ ಕೊಡಿಸಬಹುದು. ಪಡೆದವರು ಅದನ್ನು ಬಳಸಿ ಅದೇ ಯಂತ್ರಕ್ಕೆ ಪೈಪೋಟಿಯ ಯಂತ್ರ ತಯಾರಿಸುವಂತಿಲ್ಲ. ದೈತ್ಯ ವೇದಿಕೆಗಳಂತೂ ಹೀಗೆ ದತ್ತಾಂಶ ಪಡೆಯುವ ಮೂರನೆಯವರಾಗಿ ಈ ಬಾಗಿಲಿನಿಂದ ಒಳಬರುವಂತೆಯೇ ಇಲ್ಲ.

ನಿಜವಾದ ಬೀಗ

ಕೃತಿಸ್ವಾಮ್ಯವಿಲ್ಲ, ಪೇಟೆಂಟ್ ಇಲ್ಲ, ಹೆಚ್ಚಿನ ದೇಶಗಳಲ್ಲಿ ಡೇಟಾಬೇಸ್ ಹಕ್ಕೂ ಇಲ್ಲ. ಹಾಗಾದರೆ ಕಂಪನಿಗಳ ದತ್ತಾಂಶ ಇಷ್ಟು ಭದ್ರವಾಗಿರುವುದು ಹೇಗೆ? ಒಂದು, ವ್ಯಾಪಾರ ರಹಸ್ಯದ ಕಾನೂನು. ಟ್ರಿಪ್ಸ್‌ನ 39ನೇ ವಿಧಿ ಕೇಳುವುದು ಮೂರೇ ಸಂಗತಿ: ಮಾಹಿತಿ ಗುಟ್ಟಾಗಿರಬೇಕು, ಗುಟ್ಟಾಗಿರುವುದರಿಂದಲೇ ಅದಕ್ಕೆ ಬೆಲೆಯಿರಬೇಕು, ಗುಟ್ಟು ಕಾಯಲು ತಕ್ಕ ಕ್ರಮ ಕೈಗೊಂಡಿರಬೇಕು. ಎರಡು, ಒಪ್ಪಂದ. ನಾವು ಓದದೆ ಒಪ್ಪಿಗೆ ಒತ್ತುವ ಆ ಉದ್ದನೆಯ ಷರತ್ತುಗಳು. ಮೂರು, ಪಾಸ್‌ವರ್ಡ್, ಗೂಢಲಿಪಿ, ತಾಂತ್ರಿಕ ತಡೆ.

ಒಪ್ಪಂದದ ಬಲ ಎಷ್ಟೆಂಬುದು ರಯನ್‌ಏರ್ ಪ್ರಕರಣದಲ್ಲಿ ಕಣ್ಣಿಗೆ ಕಟ್ಟುವಂತೆ ಗೊತ್ತಾಯಿತು. ಆ ವಿಮಾನ ಕಂಪನಿಯ ಜಾಲತಾಣದಿಂದ ದರಗಳನ್ನು ಎತ್ತಿಕೊಂಡು ಬೇರೆ ಕಂಪನಿಗಳ ದರದೊಂದಿಗೆ ಹೋಲಿಸಿ ತೋರಿಸುತ್ತಿದ್ದ ಸಂಸ್ಥೆಯ ಮೇಲಿನ ದಾವೆ ಅದು. ಯುರೋಪಿನ 1996ರ ಆ ಡೇಟಾಬೇಸ್ ಕಾನೂನಿನಲ್ಲಿ, ಅಂದರೆ ಡೇಟಾಬೇಸ್ ನಿರ್ದೇಶನದಲ್ಲಿ, ಬಳಕೆದಾರರಿಗೆ ಕೆಲವು ವಿನಾಯಿತಿಗಳಿವೆ, ಒಪ್ಪಂದದ ಮೂಲಕ ಅವನ್ನು ಕಿತ್ತುಕೊಳ್ಳುವಂತಿಲ್ಲ. ಆದರೆ ರಕ್ಷಣೆಯೇ ಇಲ್ಲದ ಡೇಟಾಬೇಸ್ ಆ ನಿರ್ದೇಶನದ ವ್ಯಾಪ್ತಿಗೇ ಬರುವುದಿಲ್ಲವಾದ್ದರಿಂದ, ಅದರ ಮೇಲೆ ಒಪ್ಪಂದದ ಮೂಲಕ ಎಂಥ ನಿರ್ಬಂಧವನ್ನಾದರೂ ಹೇರಬಹುದು, ದೇಶದ ಉಳಿದ ಕಾನೂನು ಒಪ್ಪಿದರಾಯಿತು ಎಂದು 2015ರಲ್ಲಿ ಐರೋಪ್ಯ ನ್ಯಾಯಾಲಯ ಹೇಳಿತು. ಇದರ ಅರ್ಥ ವಿಚಿತ್ರ. ಹಕ್ಕು ಇರುವವನಿಗೆ ಕಟ್ಟುಪಾಡು, ಹಕ್ಕು ಇಲ್ಲದವನಿಗೆ ಸ್ವಾತಂತ್ರ್ಯ.

ಈ ವಿಷಯದ ಗಂಟು ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಬೌದ್ಧಿಕ ಆಸ್ತಿ ಒಂದು ಕೊಡುಕೊಳ್ಳುವಿಕೆ. ಪೇಟೆಂಟ್ ಬೇಕಿದ್ದರೆ ಆವಿಷ್ಕಾರವನ್ನು ಬಹಿರಂಗ ಮಾಡಬೇಕು, 20 ವರ್ಷ ಕಳೆದರೆ ಅದು ಎಲ್ಲರದು. ಕೃತಿಸ್ವಾಮ್ಯಕ್ಕೂ ಅವಧಿಯಿದೆ, ವಿಮರ್ಶೆಗೆ, ಕಲಿಕೆಗೆ ವಿನಾಯಿತಿಗಳಿವೆ. ಗುಟ್ಟಾಗಿಟ್ಟ ದತ್ತಾಂಶಕ್ಕೆ ಅವಧಿಯಿಲ್ಲ, ಬಹಿರಂಗ ಮಾಡಬೇಕಿಲ್ಲ. ಕಾನೂನು ಆಸ್ತಿಯೆಂದು ಒಪ್ಪದ ವಸ್ತು ಆಸ್ತಿಗಿಂತಲೂ ಬಿಗಿಯಾದ ಹಿಡಿತದಲ್ಲಿ ಕುಳಿತಿದೆ. ಆ ಹಿಡಿತವನ್ನು ಪ್ರಶ್ನಿಸಲು ಉಳಿದಿರುವ ದೊಡ್ಡ ಸಾಧನ ಸ್ಪರ್ಧಾ ಕಾನೂನು.

ಅತಿಹೆಚ್ಚು ದತ್ತಾಂಶ ಇರುವುದೇ ತಪ್ಪೇ

ಅಲ್ಲ. ದೊಡ್ಡದಾಗಿ ಬೆಳೆಯುವುದು ಅಪರಾಧವಲ್ಲ, ಪ್ರಾಬಲ್ಯವನ್ನು ದುರುಪಯೋಗ ಮಾಡುವುದು ಅಪರಾಧ. ದತ್ತಾಂಶದ ವಿಚಾರದಲ್ಲಿ ಇನ್ನೊಂದು ವಾದವೂ ಇದೆ: ಒಬ್ಬರು ಬಳಸಿದರೆ ಅದು ಇನ್ನೊಬ್ಬರಿಗೆ ಕಡಿಮೆಯಾಗುವುದಿಲ್ಲ, ಬೇಗ ಹಳಸುತ್ತದೆ, ಒಂದು ಮಟ್ಟ ದಾಟಿದ ಮೇಲೆ ಹೆಚ್ಚಿನ ದತ್ತಾಂಶದಿಂದ ಹೆಚ್ಚಿನ ಲಾಭವಿಲ್ಲ. ಈ ಮಾತುಗಳಲ್ಲಿ ಹುರುಳಿದೆ. ಆದರೆ ಗೂಗಲ್ ವಿರುದ್ಧ ಅಮೆರಿಕ ಸರ್ಕಾರ ಹೂಡಿದ ದಾವೆಯಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು 2024ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪು ಓದಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ಗೂಗಲ್‌ಗೆ ದಿನವೊಂದಕ್ಕೆ ಬರುವ ಹುಡುಕಾಟಗಳು ಅದರ ಎಲ್ಲ ಪ್ರತಿಸ್ಪರ್ಧಿಗಳಿಗೆ ಒಟ್ಟಾಗಿ ಬರುವುದರ ಒಂಬತ್ತು ಪಟ್ಟು. ಅದು 13 ತಿಂಗಳಲ್ಲಿ ಸಂಗ್ರಹಿಸುವ ಬಳಕೆದಾರರ ದತ್ತಾಂಶವನ್ನು ಒಟ್ಟುಮಾಡಲು ಮೈಕ್ರೋಸಾಫ್ಟ್‌ನ ಹುಡುಕಾಟ ಎಂಜಿನ್ ಬಿಂಗ್‌ಗೆ 17 ವರ್ಷಕ್ಕೂ ಹೆಚ್ಚು ಕಾಲ ಬೇಕು.

ಅಪರೂಪದ ಪದವನ್ನು ಹುಡುಕಿದಾಗ ಈ ಅಂತರ ಎದ್ದು ಕಾಣುತ್ತದೆ. ಎಲ್ಲರೂ ಕೇಳುವ ಪ್ರಶ್ನೆಗೆ ಉತ್ತರ ಕೊಡಲು ಸ್ವಲ್ಪ ದತ್ತಾಂಶ ಸಾಕು. ವರ್ಷಕ್ಕೆ ಹತ್ತು ಜನ ಕೇಳುವ ಪ್ರಶ್ನೆಗೆ ಆ ಹತ್ತೂ ಜನ ನಿಮ್ಮಲ್ಲಿಗೇ ಬಂದಿರಬೇಕು. ಹೆಚ್ಚು ಜನ ಬಂದರೆ ಉತ್ತರ ಚೆನ್ನಾಗುತ್ತದೆ, ಉತ್ತರ ಚೆನ್ನಾದರೆ ಇನ್ನೂ ಹೆಚ್ಚು ಜನ ಬರುತ್ತಾರೆ. ಹೊಸಬರು ಈ ಚಕ್ರವನ್ನು ಹೊರಗಿನಿಂದ ನೋಡುತ್ತ ನಿಲ್ಲಬೇಕು, ಅಷ್ಟೆ. ತೀರ್ಪು ತಪ್ಪೆಂದದ್ದು ಈ ಚಕ್ರವನ್ನಲ್ಲ. ಫೋನ್, ಬ್ರೌಸರ್‌ಗಳಲ್ಲಿ ತಾನೇ ಮೊದಲ ಆಯ್ಕೆಯಾಗಿ ಕೂರಲು ಗೂಗಲ್ ಮಾಡಿಕೊಂಡ ಒಪ್ಪಂದಗಳನ್ನು. 2021ರ ಒಂದೇ ವರ್ಷ ಅದಕ್ಕಾಗಿ ಕೊಟ್ಟದ್ದು 2,630 ಕೋಟಿ ಡಾಲರ್. ಚಕ್ರ ಎದುರಾಳಿಯ ಕಡೆ ತಿರುಗದಂತೆ ಹಣ ಕೊಟ್ಟು ಹಿಡಿದದ್ದು ತಪ್ಪು.

ಹಂಚಿಕೋ ಎಂದು ಬಲವಂತ ಮಾಡಬಹುದೇ

ಇದು ಸ್ಪರ್ಧಾ ಕಾನೂನಿನ ಅತಿ ಕಷ್ಟದ ಪ್ರಶ್ನೆ. ನಾನು ಕಟ್ಟಿದ್ದನ್ನು ನನ್ನ ಎದುರಾಳಿಗೆ ಕೊಡು ಎಂದರೆ ನಾಳೆ ಯಾರು ಕಟ್ಟಿಯಾರು? ಅದಕ್ಕೇ ನ್ಯಾಯಾಲಯಗಳು ಇಲ್ಲಿ ಬಲು ಜಾಗರೂಕತೆಯಿಂದ ಹೆಜ್ಜೆ ಇಟ್ಟಿವೆ. 1995ರ ಮಗಿಲ್ ಪ್ರಕರಣ ಮೊದಲ ದೊಡ್ಡ ಮೈಲಿಗಲ್ಲು. ಐರ್ಲೆಂಡಿನಲ್ಲಿ ಟಿವಿ ಚಾನೆಲ್‌ಗಳು ತಮ್ಮ ತಮ್ಮ ಕಾರ್ಯಕ್ರಮಪಟ್ಟಿಯನ್ನು ತಾವೇ ಬೇರೆ ಬೇರೆ ವಾರಪತ್ರಿಕೆಗಳಲ್ಲಿ ಮಾರುತ್ತಿದ್ದವು. ಎಲ್ಲವನ್ನೂ ಒಂದೇ ಕಡೆ ಕೊಡುವ ಪತ್ರಿಕೆಗೆ ಜನ ಕಾದಿದ್ದರೂ ಕೃತಿಸ್ವಾಮ್ಯ ಅಡ್ಡ ಬಂತು. ಪಟ್ಟಿ ಕೊಡದಿರುವುದು ದುರುಪಯೋಗ ಎಂದಿತು ಐರೋಪ್ಯ ನ್ಯಾಯಾಲಯ.

2004ರ ಐಎಂಎಸ್ ಹೆಲ್ತ್ ಪ್ರಕರಣ ಬಿಗ್ ಡೇಟಾಗೆ ಇನ್ನೂ ಹತ್ತಿರ. ಜರ್ಮನಿಯ ಔಷಧ ಮಾರಾಟದ ಅಂಕಿಅಂಶವನ್ನು ಐಎಂಎಸ್ ದೇಶವನ್ನು 1,860 ತುಂಡುಗಳಾಗಿ ವಿಭಾಗಿಸಿ ಕೊಡುತ್ತಿತ್ತು. ಔಷಧ ಕಂಪನಿಗಳೂ ಆ ವಿಭಜನೆ ರೂಪುಗೊಳ್ಳಲು ನೆರವಾಗಿದ್ದವು, ಅದಕ್ಕೇ ಒಗ್ಗಿಹೋಗಿದ್ದವು. ಹೊಸ ಕಂಪನಿ ಬೇರೊಂದು ವಿಭಜನೆ ಮಾಡಿಕೊಂಡು ಹೋದರೆ ಕೊಳ್ಳುವವರಿಲ್ಲ. ಅಂಕಿಅಂಶವನ್ನು ಯಾರಾದರೂ ಕಲೆಹಾಕಬಹುದಿತ್ತು, ಅದನ್ನು ಇಡುವ ಚೌಕಟ್ಟಿಗೆ ಕೃತಿಸ್ವಾಮ್ಯವಿತ್ತು. ನ್ಯಾಯಾಲಯ ಷರತ್ತುಗಳನ್ನು ಪಟ್ಟಿ ಮಾಡಿತು: ಕೇಳುವುದು ಅನಿವಾರ್ಯವಾಗಿರಬೇಕು, ಕೇಳುವವರು ಮಾರುಕಟ್ಟೆಯಲ್ಲಿಲ್ಲದ ಹೊಸ ಸರಕನ್ನು ತರುವವರಾಗಿರಬೇಕು, ನಿರಾಕರಣೆಗೆ ನ್ಯಾಯವಾದ ಕಾರಣ ಇರಬಾರದು, ನಿರಾಕರಣೆಯಿಂದ ಸ್ಪರ್ಧೆಯೇ ಅಳಿಯುವಂತಿರಬೇಕು.

ದತ್ತಾಂಶಕ್ಕೆ ಈ ಅಳತೆಗೋಲು ಸರಿಹೊಂದುವುದಿಲ್ಲ. ದತ್ತಾಂಶ ಕೇಳುವವರಿಗೆ ಅದರಿಂದ ಯಾವ ಹೊಸ ಸರಕು ಹುಟ್ಟುತ್ತದೆ ಎಂಬುದು ಕೇಳುವಾಗಲೇ ಗೊತ್ತಿರುವುದಿಲ್ಲ, ನೋಡಿದ ಮೇಲೆ ಗೊತ್ತಾಗುತ್ತದೆ. ಅನಿವಾರ್ಯ ಎಂದು ರುಜುವಾತು ಮಾಡುವುದೂ ಕಷ್ಟ, ಬೇರೆ ಯಾವುದೋ ದತ್ತಾಂಶದಿಂದ ಅಂದಾಜು ಮಾಡಿಕೋ ಎಂಬ ಉತ್ತರ ಸದಾ ಸಿದ್ಧವಿರುತ್ತದೆ. ನನಗಂತೂ ಇನ್ನೊಂದು ಪ್ರಶ್ನೆ ಕಾಡುತ್ತದೆ. ಇಷ್ಟು ಕಠಿಣ ಷರತ್ತುಗಳು ಬಂದದ್ದು ಕಾನೂನು ಮಾನ್ಯ ಮಾಡಿದ ಹಕ್ಕನ್ನು ಗೌರವಿಸಬೇಕೆಂದು. ಕಾನೂನು ಯಾವ ಹಕ್ಕನ್ನೂ ಕೊಟ್ಟಿರದ, ಬಳಕೆದಾರರ ಓಡಾಟದಿಂದ ತಾನಾಗಿ ಹುಟ್ಟಿದ ದತ್ತಾಂಶಕ್ಕೂ ಅಷ್ಟೇ ಗೌರವ ಯಾಕೆ? ಐರೋಪ್ಯ ನ್ಯಾಯಾಲಯ ಈಗೀಗ ಸ್ವಲ್ಪ ಸಡಿಲಿಸುತ್ತಿರುವುದು ಸಮಾಧಾನದ ಸಂಗತಿ. ಕಾರಿನಲ್ಲಿ ಬಳಸುವ, ಗೂಗಲ್‌ನ ಆಂಡ್ರಾಯ್ಡ್ ಆಟೋ ಎಂಬ ತಂತ್ರಾಂಶಕ್ಕೆ ಸಂಬಂಧಿಸಿ 2025ರ ಫೆಬ್ರವರಿಯಲ್ಲಿ ಬಂದ ತೀರ್ಪಿನ ಪ್ರಕಾರ, ಹೊರಗಿನವರೂ ಬಳಸಲೆಂದು ಕಟ್ಟಿದ ವೇದಿಕೆಯಾದರೆ ಅದು ಅನಿವಾರ್ಯವೆಂದು ತೋರಿಸಬೇಕಾಗಿಲ್ಲ.

ಕೊಳ್ಳುವುದರಿಂದ ಕೂಡಿಸುವುದು

ದತ್ತಾಂಶವನ್ನು ಸಂಗ್ರಹಿಸಬೇಕೆಂದೇನಿಲ್ಲ, ಸಂಗ್ರಹಿಸಿದವರನ್ನೇ ಕೊಂಡರಾಯಿತು. 2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರ್‌ಗೆ ವಾಟ್ಸಾಪ್ ಕೊಳ್ಳಲು ಮುಂದಾದಾಗ ವಾಟ್ಸಾಪ್‌ನ ಹಿಂದಿನ ವರ್ಷದ ಆದಾಯ ಒಂದು ಕೋಟಿ ಡಾಲರ್‌ನ ಆಸುಪಾಸು. ವಿಲೀನಕ್ಕೆ ಅನುಮತಿ ಬೇಕೇ ಎಂಬುದನ್ನು ವಹಿವಾಟಿನ ಗಾತ್ರ ನೋಡಿ ನಿರ್ಧರಿಸುವ ಕಾನೂನಿಗೆ ಇಂಥ ಕಂಪನಿ ಕಣ್ಣಿಗೇ ಬೀಳುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ವಿಲೀನಗಳನ್ನು ಪರಿಶೀಲಿಸುವ ಐರೋಪ್ಯ ಆಯೋಗ ಬೇರೊಂದು ಮಾರ್ಗದಿಂದ ನೋಡಿ ಒಪ್ಪಿಗೆ ಕೊಟ್ಟಿತು. ಎರಡೂ ಕಡೆಯ ಖಾತೆಗಳನ್ನು ತಾನಾಗಿ ಭರವಸೆಯಿಂದ ತಾಳೆಹಾಕಲು ಬರುವುದಿಲ್ಲ ಎಂದು ಫೇಸ್‌ಬುಕ್ ಆಗ ಹೇಳಿತ್ತು. 2016ರಲ್ಲಿ ಖಾತೆಗಳನ್ನು ತಾಳೆಹಾಕುವ ವಾಟ್ಸಾಪ್‌ನ ಹೊಸ ಷರತ್ತುಗಳು ಬಂದೇಬಂದವು. 2014ರಲ್ಲೇ ಅದು ಸಾಧ್ಯವಿತ್ತು ಎಂದು ಕಂಡ ಆಯೋಗ 2017ರಲ್ಲಿ 11 ಕೋಟಿ ಯೂರೋ ದಂಡ ಹಾಕಿತು. ವಿಲೀನ ಮಾತ್ರ ಹಾಗೇ ಉಳಿಯಿತು.

ಕಾನೂನುಗಳು ಅಲ್ಲಿಂದ ಪಾಠ ಕಲಿತವು. ಜರ್ಮನಿ, ಆಸ್ಟ್ರಿಯಾಗಳು 2017ರಲ್ಲಿ ಖರೀದಿಯ ಮೌಲ್ಯವನ್ನೇ ಅಳತೆಗೋಲಾಗಿಸಿದವು. ಭಾರತದಲ್ಲಿ 2024ರ ಸೆಪ್ಟೆಂಬರ್‌ನಿಂದ 2,000 ಕೋಟಿ ರೂಪಾಯಿ ಮೀರಿದ, ದೇಶದಲ್ಲಿ ಗಣನೀಯ ವ್ಯವಹಾರವುಳ್ಳ ಕಂಪನಿಗಳ ಖರೀದಿಗಳು ಸ್ಪರ್ಧಾ ಆಯೋಗದ ಮುಂದೆ ಬರಬೇಕು. ಗೂಗಲ್ 2020ರಲ್ಲಿ ಫಿಟ್‌ಬಿಟ್ ಕೊಳ್ಳುವಾಗ ಐರೋಪ್ಯ ಆಯೋಗ, ಆ ಕೈಗಡಿಯಾರಗಳ ಆರೋಗ್ಯ ದತ್ತಾಂಶವನ್ನು ಜಾಹೀರಾತಿಗೆ ಬಳಸದೆ ಹತ್ತು ವರ್ಷ ಪ್ರತ್ಯೇಕವಾಗಿಡಬೇಕೆಂಬ ಮಾತು ಪಡೆದೇ ಅನುಮತಿ ಕೊಟ್ಟಿತು.

ಖಾಸಗಿತನವೂ ಬೆಲೆಯ ಭಾಗ

ಸೇವೆ ಉಚಿತವಾಗಿರುವಾಗ ಗ್ರಾಹಕರಿಗೆ ನಷ್ಟ ಎಲ್ಲಿ ಎಂಬ ಪ್ರಶ್ನೆಗೆ ಜರ್ಮನಿಯ ಸ್ಪರ್ಧಾ ಪ್ರಾಧಿಕಾರ 2019ರಲ್ಲಿ ಉತ್ತರ ಹುಡುಕಿತು. ಬೇರೆ ಜಾಲತಾಣಗಳಲ್ಲಿನ ನಮ್ಮ ಚಟುವಟಿಕೆಯನ್ನೂ ನಮ್ಮ ಫೇಸ್‌ಬುಕ್ ಖಾತೆಗೆ ಜೋಡಿಸುವುದು, ಒಪ್ಪದಿದ್ದರೆ ಸೇವೆಯೇ ಇಲ್ಲ ಎನ್ನುವುದು ಪ್ರಾಬಲ್ಯದ ದುರುಪಯೋಗ ಎಂದಿತು. ಸ್ಪರ್ಧಾ ಪ್ರಾಧಿಕಾರ ಖಾಸಗಿತನದ ಕಾನೂನಿಗೆ ಕೈ ಹಾಕಬಹುದೇ ಎಂಬ ವಿವಾದ ಎದ್ದಿತು. ಹಾಕಬಹುದು, ಆದರೆ ದತ್ತಾಂಶ ರಕ್ಷಣಾ ಪ್ರಾಧಿಕಾರಗಳ ಜೊತೆ ಸಹಕರಿಸಬೇಕು ಎಂದು ಐರೋಪ್ಯ ನ್ಯಾಯಾಲಯ 2023ರ ಜುಲೈನಲ್ಲಿ ಹೇಳಿತು. ಭಾರತದ ಸ್ಪರ್ಧಾ ಆಯೋಗ 2021ರ ವಾಟ್ಸಾಪ್ ಖಾಸಗಿತನ ನೀತಿಗಾಗಿ ಅದರ ಒಡೆಯ ಕಂಪನಿ ಮೆಟಾಗೆ (ಹಿಂದಿನ ಫೇಸ್‌ಬುಕ್) 2024ರ ನವೆಂಬರ್‌ನಲ್ಲಿ 213.14 ಕೋಟಿ ರೂಪಾಯಿ ದಂಡ ಹಾಕಿದ್ದರ ಹಿಂದೆಯೂ ಇದೇ ತರ್ಕವಿದೆ: ಒಪ್ಪು ಅಥವಾ ಬಿಟ್ಟುಹೋಗು ಎನ್ನುವುದು ಆಯ್ಕೆಯಲ್ಲ. ಒಂದು ವರ್ಷದ ನಂತರ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ದತ್ತಾಂಶ ಹಂಚಿಕೆಯ ಮೇಲೆ ಆಯೋಗ ಹೇರಿದ್ದ ಐದು ವರ್ಷದ ನಿಷೇಧವನ್ನು ತೆಗೆದುಹಾಕಿತು.

ಬೇಲಿಯೇ ಎದ್ದು ಹೊಲ ಮೇಯುವ ಪ್ರಸಂಗವೂ ಇದೆ. ಮಾರಾಟ ವೇದಿಕೆ ನಡೆಸುವವರು ಅದೇ ವೇದಿಕೆಯಲ್ಲಿ ತಾವೂ ಸರಕು ಮಾರಿದರೆ, ಉಳಿದ ವ್ಯಾಪಾರಿಗಳ ಲೆಕ್ಕವೆಲ್ಲ ಅವರಿಗೆ ಕಾಣುತ್ತಿರುತ್ತದೆ. ಯಾವುದು ಓಡುತ್ತದೆ, ಯಾವ ದರಕ್ಕೆ ಓಡುತ್ತದೆ ಎಂಬುದನ್ನು ಬೇರೆಯವರ ದುಡ್ಡಿನಲ್ಲಿ ಕಲಿಯಬಹುದು. ಅಮೆಜಾನ್ 2022ರ ಡಿಸೆಂಬರ್‌ನಲ್ಲಿ ಐರೋಪ್ಯ ಆಯೋಗಕ್ಕೆ, ವ್ಯಾಪಾರಿಗಳ ಬಹಿರಂಗವಲ್ಲದ ದತ್ತಾಂಶವನ್ನು ತನ್ನ ಚಿಲ್ಲರೆ ಮಾರಾಟಕ್ಕೆ ಬಳಸುವುದಿಲ್ಲ ಎಂದು ಮಾತು ಕೊಟ್ಟಿತು. ಅಲ್ಲಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆ ಈಗ ಇದನ್ನೆಲ್ಲ ಮುಂಗಡ ನಿಯಮವಾಗಿಸಿದೆ. ನಿಗದಿತ ದೈತ್ಯ ವೇದಿಕೆಗಳು 2024ರ ಮಾರ್ಚ್‌ನಿಂದ ಸಮ್ಮತಿಯಿಲ್ಲದೆ ಸೇವೆಗಳ ನಡುವೆ ದತ್ತಾಂಶ ಬೆರೆಸುವಂತಿಲ್ಲ, ವ್ಯಾಪಾರಿಗಳ ದತ್ತಾಂಶ ಹಿಡಿದು ಅವರ ವಿರುದ್ಧವೇ ಸ್ಪರ್ಧಿಸುವಂತಿಲ್ಲ, ಹುಡುಕಾಟದ ದತ್ತಾಂಶವನ್ನು ಹೆಸರುಗುರುತು ಅಳಿಸಿ ನ್ಯಾಯವಾದ ಷರತ್ತಿನ ಮೇಲೆ ಬೇರೆ ಹುಡುಕಾಟ ಎಂಜಿನ್‌ಗಳಿಗೆ ಕೊಡಬೇಕು.

ಹೆಸರು ಅಳಿಸುವುದು ಎಂದಾಗಲೇ ಹೊಸ ತೊಡಕು ಶುರುವಾಗುತ್ತದೆ. ಸ್ಪರ್ಧಾ ಕಾನೂನು ಹಂಚು ಎನ್ನುತ್ತದೆ, ಖಾಸಗಿತನದ ಕಾನೂನು ಬಚ್ಚಿಡು ಎನ್ನುತ್ತದೆ. ಹತ್ತೇ ಜನ ಕೇಳಿದ ಆ ಅಪರೂಪದ ಪ್ರಶ್ನೆ ಪ್ರತಿಸ್ಪರ್ಧಿಗೆ ಅತಿ ಬೆಲೆಬಾಳುವಂಥದ್ದು, ಮತ್ತು ಕೇಳಿದವರು ಯಾರೆಂದು ಬಯಲು ಮಾಡುವ ಅಪಾಯ ಹೆಚ್ಚಿರುವುದೂ ಅದರಲ್ಲೇ. ಅದನ್ನು ತೆಗೆದುಹಾಕಿದರೆ ಹಂಚಿದ ದತ್ತಾಂಶ ಬರೀ ಹೊಟ್ಟು. ನ್ಯಾಯಾಧೀಶ ಮೆಹ್ತಾ ಅವರು 2025ರ ಸೆಪ್ಟೆಂಬರ್‌ನಲ್ಲಿ ಪರಿಹಾರದ ಆದೇಶ ಕೊಟ್ಟಾಗ ಗೂಗಲ್ ತನ್ನ ಬ್ರೌಸರ್ ಕ್ರೋಮ್ ಅನ್ನು ಮಾರಬೇಕೆಂಬ ಸರ್ಕಾರದ ಬೇಡಿಕೆಯನ್ನು ಒಪ್ಪಲಿಲ್ಲ. ಹುಡುಕಾಟದ ಸೂಚಿಯ ಕೆಲವು ಭಾಗವನ್ನೂ ಬಳಕೆದಾರರ ಕೆಲವು ಬಗೆಯ ದತ್ತಾಂಶವನ್ನೂ ಅರ್ಹ ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದರು, ಜಾಹೀರಾತಿನ ದತ್ತಾಂಶವನ್ನು ಹೊರಗಿಟ್ಟರು. ಖಾಸಗಿತನ ಕಾಯಲು ಎಷ್ಟನ್ನು ಮಸುಕು ಮಾಡಬೇಕು, ಯಾರು ಅರ್ಹರು ಎಂಬಂಥ ವಿವರಗಳಲ್ಲಿ ನೆರವಾಗಲು ತಾಂತ್ರಿಕ ಸಮಿತಿಯೊಂದನ್ನು ಆದೇಶದಲ್ಲೇ ಸೇರಿಸಿದರು. ಆ ಹತ್ತು ಜನರ ಪ್ರಶ್ನೆ ಪ್ರತಿಸ್ಪರ್ಧಿಯ ಕೈ ಸೇರುತ್ತದೆಯೋ ಇಲ್ಲವೋ ಎಂಬುದು ನಿಂತಿರುವುದು ಇಂಥ ಸಣ್ಣ ವಿವರಗಳ ಮೇಲೆ.